ಮನೆಯಲ್ಲಿ ಕಲಿತ ಮಗನಿಗೆ ಹತ್ತನೆಯ ತರಗತಿಯ ಪ್ರಮಾಣಪತ್ರ ದೊರೆತ ಬಗೆ

ನನ್ನ ಮಗ 2018ರ ಮಾರ್ಚ್‌ನಲ್ಲಿ ನಾಲ್ಕನೆಯ ತರಗತಿ ಮುಗಿಸಿ ಶಾಲೆ ಬಿಟ್ಟ ಮೇಲೆ, 2024ರ ಜುಲೈಯಲ್ಲಿ ಪ್ಲಸ್ ವನ್, ಅಂದರೆ ಹನ್ನೊಂದನೆಯ ತರಗತಿ, ಸೇರುವ ತನಕ ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಅವನ ಹೆಸರಿರಲಿಲ್ಲ. ಈ ಆರು ವರ್ಷ ಅವನು ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿಯೇ ಕಲಿತ. ಹತ್ತನೆಯ ತರಗತಿಯ ಪರೀಕ್ಷೆಯನ್ನು ಎನ್‌ಐಒಎಸ್ ಎಂದು ಎಲ್ಲರೂ ಕರೆಯುವ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಬರೆದ. ಕಾಸರಗೋಡಿನ ಕನ್ನಡಿಗರ ಮನೆಗಳಿಂದ ಈ ದಾರಿಯ ಬಗ್ಗೆ ನನ್ನಲ್ಲಿ ವಿಚಾರಿಸುವವರು ಈಚೆಗೆ ಹೆಚ್ಚಾಗಿರುವುದರಿಂದ, ಫೋನಿನಲ್ಲಿ ತುಂಡು ತುಂಡಾಗಿ ಹೇಳುತ್ತಿದ್ದುದನ್ನು ಒಂದು ಸಲ ಸರಿಯಾಗಿ ಬರೆದಿಡಬೇಕೆಂದು ಕುಳಿತಿದ್ದೇನೆ. ಪಾಠ ಹೇಳಿಕೊಡುವುದು ನಮಗೆ ಅಷ್ಟೇನೂ ಕಷ್ಟವಾಗಲಿಲ್ಲ. ಒಂದು ಶಾಲೆಯ ಕಚೇರಿ ಮಕ್ಕಳಿಗೂ ಹೆತ್ತವರಿಗೂ ತಿಳಿಯದ ಹಾಗೆ ಎಷ್ಟೊಂದು ಕೆಲಸ ಮಾಡಿ ಮುಗಿಸುತ್ತದೆ ಎಂಬುದು ಮಾತ್ರ ನಮಗೆ ಗೊತ್ತಿರಲಿಲ್ಲ. ನಾವು ಎಡವಿದ್ದೆಲ್ಲ ಅಲ್ಲಿಯೇ.

ಮಗನನ್ನು ಶಾಲೆಯಿಂದ ಬಿಡಿಸಬೇಕೆಂಬ ಹಟವೇನೂ ನಮಗಿರಲಿಲ್ಲ. ನಾನೂ ನಮ್ಮವರೂ ಇದೇ ಊರಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಕಲಿತವರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿಯ ಕನ್ನಡ ಶಾಲೆಗಳು ಉಳಿದುಕೊಂಡು ಬಂದುದಕ್ಕೆ ಹಿಂದಿನವರ ಹೋರಾಟ ಎಷ್ಟಿತ್ತು ಎಂಬುದು ನಮಗೆ ಮನೆಯ ಹಿರಿಯರಿಂದ ಕೇಳಿ ಗೊತ್ತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರಾಗಿದ್ದ ಪೆರಡಾಲ ನಮ್ಮ ಮನೆಗೆ ಹತ್ತಿರದ ಊರು. ಆದರೆ ಮಗ ಮೂರನೆಯ ತರಗತಿಯಲ್ಲಿದ್ದಾಗ ಅವನ ತರಗತಿಗೆ ಕನ್ನಡ ಓದಲೂ ಬರೆಯಲೂ ಬಾರದ ಅಧ್ಯಾಪಕರೊಬ್ಬರ ನೇಮಕವಾಯಿತು. ಆ ಯುವಕ ಒಳ್ಳೆಯವರೇ. ತಮ್ಮ ತಪ್ಪಲ್ಲದ ಕಾರಣಕ್ಕೆ ಪ್ರತಿದಿನ ಮಕ್ಕಳ ಮುಂದೆ ತಬ್ಬಿಬ್ಬಾಗಿ ನಿಲ್ಲುತ್ತಿದ್ದರು. ಕನ್ನಡ ಪುಸ್ತಕದ ಲೆಕ್ಕವನ್ನು ಮಲೆಯಾಳದಲ್ಲಿ ವಿವರಿಸಿದರೆ ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಮಾತ್ರ ಕೇಳಿ ಬೆಳೆದ ಎಂಟು ವರ್ಷದ ಮಗುವಿಗೆ ಏನು ತಿಳಿಯಬೇಕು? ಹೆತ್ತವರೆಲ್ಲ ಸೇರಿ ಮನವಿ ಕೊಟ್ಟೆವು, ಕಾದೆವು. ಮಗ ಬೆಳಗ್ಗೆ ಹೊಟ್ಟೆನೋವು ಎನ್ನಲು ಆರಂಭಿಸಿದ. ನಾಲ್ಕನೆಯ ತರಗತಿಯ ಕೊನೆಗೆ ನಾವು ಟಿಸಿ ತೆಗೆದುಕೊಂಡೆವು. ಆ ಒಂದು ಹಾಳೆಯನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟದ್ದು ಮುಂದೆ ಎಷ್ಟು ಉಪಕಾರಕ್ಕೆ ಬರಲಿದೆ ಎಂದು ಅಂದು ನನಗೆ ತಿಳಿದಿರಲಿಲ್ಲ.

ನೆಂಟರ ಮನೆಯ ಪೂಜೆ, ಮದುವೆಗಳಲ್ಲೆಲ್ಲ ನಾವು ಉತ್ತರ ಹೇಳಬೇಕಾಯಿತು. “ಅಲ್ಲ ಮಾರಾಯ್ತಿ, ಶಾಲೆಗೇ ಹೋಗದವನಿಗೆ ಸರ್ಟಿಫಿಕೇಟು ಯಾರು ಕೊಡ್ತಾರೆ?” ಎಂದು ದೊಡ್ಡಮ್ಮ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕಾನೂನಿನ ಭಯವೂ ಇತ್ತು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಕೊಡುವ ಹೊಣೆಯನ್ನು ಅದು ಸರಕಾರದ ಮೇಲೆ ಹೊರಿಸುತ್ತದೆ, ಮಗುವನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎಂದೂ ಹೇಳುತ್ತದೆ, ಮನೆಯಲ್ಲಿ ಕಲಿಸುವವರ ಬಗ್ಗೆ ಅದರಲ್ಲಿ ಮಾತೇ ಇಲ್ಲ. ಶಾಲೆ ಬಿಟ್ಟ ಮಕ್ಕಳನ್ನು ವಿಚಾರಿಸುವುದಕ್ಕಾಗಿ ಸಮೀಪದ ಶಾಲೆಯ ಟೀಚರ್ ಒಬ್ಬರು ಎರಡು ಸಲ ಮನೆಗೆ ಬಂದರು. ಮಗ ಬರೆದ ನೋಟ್‌ಬುಕ್ಕುಗಳನ್ನೆಲ್ಲ ಚಾವಡಿಯಲ್ಲಿ ಹರಡಿ ತೋರಿಸಿದೆವು. ಅವರು ಅವನಿಂದ ಒಂದು ಪುಟ ಓದಿಸಿ, ಭಾಗಾಕಾರದ ಎರಡು ಲೆಕ್ಕ ಮಾಡಿಸಿ, ಚಾ ಕುಡಿದು, “ಯಾವಾಗ ಬೇಕಾದರೂ ಶಾಲೆಗೆ ಕರ್ಕೊಂಡು ಬನ್ನಿ” ಎಂದು ಹೇಳಿ ಹೋದರು. ಆ ಮಾತು ನಮಗೆ ಬೆದರಿಕೆಯಂತೆ ಕೇಳಿಸಲಿಲ್ಲ. ಬಾಗಿಲು ಮುಚ್ಚಿಲ್ಲವೆಂಬ ಸಮಾಧಾನವನ್ನೇ ಕೊಟ್ಟಿತು.

ಮನೆಯ ಕಲಿಕೆಗೆ ನಾವು ಗಂಟೆ ಹೊಡೆದು ವೇಳಾಪಟ್ಟಿ ಮಾಡಲಿಲ್ಲ. ಬೆಳಗ್ಗೆ ಎರಡು ಗಂಟೆ ಲೆಕ್ಕ ಮತ್ತು ಇಂಗ್ಲಿಷ್, ಮಧ್ಯಾಹ್ನ ಊಟದ ಬಳಿಕ ಮಾವನವರ ಜೊತೆ ಕನ್ನಡ ಓದು, ಉಳಿದ ಹೊತ್ತು ತೋಟ. ಕೊರೋನಾದಿಂದ ಶಾಲೆಗಳೆಲ್ಲ ಮುಚ್ಚಿ, 2020ರ ಜೂನ್‌ನಲ್ಲಿ ಕೇರಳ ಸರಕಾರದ ಶೈಕ್ಷಣಿಕ ಟಿವಿಯಾದ ವಿಕ್ಟರ್ಸ್ ಚಾನೆಲಿನ ‘ಫಸ್ಟ್ ಬೆಲ್’ ತರಗತಿಗಳು ಆರಂಭವಾದಾಗ ಊರಿನ ಎಲ್ಲ ಮಕ್ಕಳೂ ಮನೆಯಲ್ಲಿಯೇ ಇದ್ದರು. ಕನ್ನಡದಲ್ಲಿ ಬಂದ ಪಾಠಗಳನ್ನು ನನ್ನ ಮಗನೂ ನೋಡಿದ. ವಿಜ್ಞಾನವನ್ನು ಅವನು ಹೆಚ್ಚಾಗಿ ಕಲಿತದ್ದು ಮಾತ್ರ ಅಡಿಕೆಗೆ ಮದ್ದು ಬಿಡುವ ಕೆಲಸದಲ್ಲಿ. ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆಂದು ಬೋರ್ಡೋ ದ್ರಾವಣ ತಯಾರಿಸುವುದು ಇಲ್ಲಿಯ ಪ್ರತಿಯೊಂದು ತೋಟದಲ್ಲಿಯೂ ನಡೆಯುವ ಕೆಲಸ. ಒಂದು ಕಿಲೋ ಮೈಲುತುತ್ತನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ ಕರಗಿಸಿ, ಇನ್ನೊಂದು ಪಾತ್ರೆಯಲ್ಲಿ ಒಂದು ಕಿಲೋ ಸುಣ್ಣವನ್ನು ಮತ್ತೆ 50 ಲೀಟರ್ ನೀರಿನಲ್ಲಿ ಕದಡಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕೋಲಿನಿಂದ ಕಲಕಬೇಕು. ಹದ ಬಂದಿದೆಯೇ ಎಂದು ನೋಡಲು ನಮ್ಮವರು ಉಜ್ಜಿ ತೊಳೆದ ಕತ್ತಿಯನ್ನು ಆ ನೀಲಿ ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯುತ್ತಿದ್ದರು. ಕತ್ತಿಯ ಬಾಯಿಗೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ. ಹನ್ನೆರಡು ವರ್ಷದ ಹುಡುಗ ಆ ಕೆಂಪನ್ನು ಉಗುರಿನಿಂದ ಕೆರೆದು, “ಇದು ತುಕ್ಕು ಅಲ್ಲ ಅಪ್ಪ, ಇಷ್ಟು ಬೇಗ ತುಕ್ಕು ಹಿಡಿಯುವುದಿಲ್ಲ” ಎಂದ. ಅದು ತಾಮ್ರ ಎಂಬುದು ನಮ್ಮವರಿಗೆ ಗೊತ್ತಿತ್ತು, ಏಕೆ ಬರುತ್ತದೆ ಎಂಬುದು ಗೊತ್ತಿರಲಿಲ್ಲ. ಕಬ್ಬಿಣವು ದ್ರಾವಣದೊಳಗಿನ ತಾಮ್ರವನ್ನು ಹೊರಕ್ಕೆ ತಳ್ಳಿ ಅದರ ಜಾಗದಲ್ಲಿ ತಾನು ಕರಗುತ್ತದೆ, ಸುಣ್ಣ ಸಾಕಷ್ಟಿದ್ದರೆ ಹಾಗೆ ತಳ್ಳುವುದಕ್ಕೆ ಕರಗಿದ ತಾಮ್ರವೇ ಉಳಿದಿರುವುದಿಲ್ಲ ಎಂಬುದನ್ನು ಆ ರಾತ್ರಿ ನಾವು ಮೂವರೂ ಪುಸ್ತಕದಲ್ಲಿ ಹುಡುಕಿ ಓದಿದೆವು. ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠವನ್ನು ಮುಂದೆ ನಾನು ಅವನಿಗೆ ಹೇಳಿಕೊಡಬೇಕಾಗಿ ಬರಲಿಲ್ಲ.

ಹದಿಮೂರು ತುಂಬುತ್ತಿದ್ದಂತೆ ಪ್ರಮಾಣಪತ್ರದ ಚಿಂತೆ ಹತ್ತಿರ ಬಂತು. ಕೇರಳದಲ್ಲಿ ಸಾಕ್ಷರತಾ ಮಿಷನ್ ನಡೆಸುವ ಹತ್ತನೆಯ ತರಗತಿಯ ತತ್ಸಮಾನ ಪರೀಕ್ಷೆ ವಯಸ್ಕರಿಗಾಗಿ ಇರುವುದು. ರಾಜ್ಯದ ಮುಕ್ತ ಶಾಲಾ ವ್ಯವಸ್ಥೆಯಾದ ಸ್ಕೋಲ್ ಕೇರಳದ ಹೈಯರ್ ಸೆಕೆಂಡರಿಗೆ ಹತ್ತನೆಯದು ಮೊದಲೇ ಆಗಿರಬೇಕು. ಹಾಗಾಗಿ ನಮಗೆ ತೆರೆದಿದ್ದ ದಾರಿ ಎನ್‌ಐಒಎಸ್. 1989ರಲ್ಲಿ ನ್ಯಾಷನಲ್ ಓಪನ್ ಸ್ಕೂಲ್ ಎಂಬ ಹೆಸರಿನಲ್ಲಿ ಆರಂಭವಾದ ಇದು ಕೇಂದ್ರ ಶಿಕ್ಷಣ ಸಚಿವಾಲಯದ ಅಧೀನದ ಸ್ವಾಯತ್ತ ಸಂಸ್ಥೆ. ಹತ್ತನೆಯದಕ್ಕೆ ಸೇರಲು 14 ವರ್ಷ ತುಂಬಿರಬೇಕು, ಮೇಲಿನ ವಯಸ್ಸಿಗೆ ಮಿತಿಯಿಲ್ಲ. ಎಂಟನೆಯ ತರಗತಿ ಪಾಸಾದ ಕಾಗದ ಇಲ್ಲದವರು, ಈ ಹಂತವನ್ನು ಓದುವಷ್ಟು ತನಗೆ ತಿಳಿವಳಿಕೆಯಿದೆ ಎಂದು ತಾವೇ ದೃಢೀಕರಿಸಿ ಬರೆದುಕೊಟ್ಟರೂ ಆಗುತ್ತದೆ. ಆ ಸಾಲನ್ನು ಓದಿದ ದಿನ ನನ್ನ ಎದೆಯ ಭಾರ ಅರ್ಧ ಇಳಿಯಿತು. ಕನಿಷ್ಠ ಒಂದು ಭಾಷೆ ಸೇರಿ ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು, ತೇರ್ಗಡೆಗೆ ಶೇಕಡ 33 ಅಂಕ ಬೇಕು, ಒಮ್ಮೆ ನೋಂದಾಯಿಸಿದರೆ ಐದು ವರ್ಷದೊಳಗೆ ಒಂಬತ್ತು ಅವಕಾಶ, ವರ್ಷಕ್ಕೆ ಎರಡು ಸಲ ಸಾರ್ವಜನಿಕ ಪರೀಕ್ಷೆ: ಏಪ್ರಿಲ್–ಮೇಯಲ್ಲಿ ಒಮ್ಮೆ, ಅಕ್ಟೋಬರ್–ನವೆಂಬರ್‌ನಲ್ಲಿ ಒಮ್ಮೆ. ಪಾಸಾದ ವಿಷಯದ ಅಂಕ ಉಳಿದುಕೊಳ್ಳುತ್ತದೆ. ಉಳಿದದ್ದನ್ನು ಮಾತ್ರ ಮತ್ತೆ ಬರೆದರಾಯಿತು. ಮುಂದೆ ಡಾಕ್ಟರಿಕೆಗೆ ಇದು ನಡೆಯುವುದಿಲ್ಲವಂತೆ ಎಂದು ಒಬ್ಬರು ಹೆದರಿಸಿದರು. ಮುಕ್ತ ಶಾಲೆಯಲ್ಲಿ ಓದಿದವರನ್ನು ನೀಟ್ ಪರೀಕ್ಷೆಯಿಂದ ಹೊರಗಿಟ್ಟ ನಿಯಮವನ್ನು ದೆಹಲಿ ಹೈಕೋರ್ಟ್ 2018ರಲ್ಲಿಯೇ ರದ್ದುಪಡಿಸಿತ್ತು ಎಂಬುದನ್ನು ಅವರಿಗೆ ಹೇಳಿದೆ. ವಿಷಯಗಳ ಪಟ್ಟಿ ತೆರೆದು ನೋಡುವಾಗ 208ನೆಯ ಸಂಖ್ಯೆಯ ಎದುರಿಗೆ ‘ಕನ್ನಡ’ ಎಂದಿತ್ತು. ಕನ್ನಡ ಕಲಿಸುವವರಿಲ್ಲದೆ ಶಾಲೆ ಬಿಟ್ಟ ಹುಡುಗ ಕನ್ನಡವನ್ನೇ ಒಂದು ವಿಷಯವಾಗಿ ಬರೆಯಬಹುದು ಎಂದು ತಿಳಿದು ಮಾವನವರು ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡು ಸಲ ಓದಿದರು.

ಮೊದಲ ತೊಡಕು ಹೆಸರಿನದು. ಮಗನ ಹೆಸರು ‘ವತ್ಸ’ ಎಂದು ಕೊನೆಯಾಗುತ್ತದೆ. ಮಲೆಯಾಳದಲ್ಲಿ ಅದೇ ಅಕ್ಷರವನ್ನು ‘ವಲ್ಸ’ ಎಂದು ಉಚ್ಚರಿಸುವುದು ರೂಢಿ. ಜನನ ನೋಂದಣಿ ಮಾಡಿದವರು ಕೇಳಿದ ಹಾಗೆ ಇಂಗ್ಲಿಷಿನಲ್ಲಿಯೂ ‘ವಲ್ಸ’ ಎಂದೇ ಬರೆದಿದ್ದರು. ಆಧಾರ್ ಕಾರ್ಡಿನಲ್ಲಿ ‘ವತ್ಸ’, ಟಿಸಿಯಲ್ಲಿ ‘ವತ್ಸ’, ಜನನ ಪತ್ರದಲ್ಲಿ ಮಾತ್ರ ‘ವಲ್ಸ’. ಹದಿಮೂರು ವರ್ಷ ಇದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಮನೆಯಲ್ಲಿ ಯಾರೂ ಜನನ ಪತ್ರ ಹಿಡಿದುಕೊಂಡು ಮಗುವನ್ನು ಕರೆಯುವುದಿಲ್ಲವಲ್ಲ. ಶಾಲೆಯಲ್ಲಿ ಹತ್ತನೆಯ ತರಗತಿಗೆ ಮುಂಚೆ ಹೆಸರು, ಜನ್ಮದಿನ, ಹೆತ್ತವರ ಹೆಸರುಗಳನ್ನು ತಾಳೆ ನೋಡಿ ಹೆತ್ತವರ ಸಹಿ ಹಾಕಿಸಿಕೊಳ್ಳುವ ಕ್ರಮವಿದೆ. ನಮಗೆ ಹಾಗೆ ಕರೆದು ತೋರಿಸುವವರಿರಲಿಲ್ಲ. ಕೇರಳದಲ್ಲಿ ಸರಕಾರಿ ಆನ್‌ಲೈನ್ ಸೇವೆಗಳಿಗಿರುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬುವ ಹುಡುಗಿ, “ಚೇಚೀ, ಎರಡರಲ್ಲಿ ಒಂದು ಸರಿ ಮಾಡಿ ಬನ್ನಿ, ಹೀಗೆ ಹಾಕಿದರೆ ಮುಂದೆ ಜೀವನ ಪೂರ್ತಿ ಅಲೆಯಬೇಕಾದೀತು” ಎಂದು ತನಗೆ ಗೊತ್ತಿದ್ದ ಕನ್ನಡದಲ್ಲಿ ಹೇಳಿ ಅರ್ಜಿಯನ್ನು ಮುಚ್ಚಿಬಿಟ್ಟಳು. ಆ ಹುಡುಗಿಗೆ ನಾನು ಇಂದಿಗೂ ಋಣಿ.

ಆಧಾರನ್ನೇ ‘ವಲ್ಸ’ ಎಂದು ತಿದ್ದಿಸಿಕೊಳ್ಳುವುದು ಸುಲಭವೆಂದು ಕೆಲವರು ಹೇಳಿದರು. ಮಾವನವರು ಒಪ್ಪಲಿಲ್ಲ. “ಹೆಸರಿಟ್ಟದ್ದು ನಾವು. ತಪ್ಪಿದ್ದು ಕಾಗದ. ತಿದ್ದಬೇಕಾದದ್ದು ಕಾಗದವನ್ನು” ಎಂದರು. ಗಡಿನಾಡಿನಲ್ಲಿ ಊರುಗಳ ಹೆಸರು ಫಲಕಗಳಲ್ಲಿ ಬೇರೆಯಾಗುತ್ತಾ ಹೋಗುವುದನ್ನು ಕಂಡು ನೊಂದವರು ಅವರು. ಮೊಮ್ಮಗನ ಹೆಸರಿನಲ್ಲಿ ರಾಜಿಯಾಗಲು ಅವರ ಮನಸ್ಸು ಒಪ್ಪದಿದ್ದುದು ನನಗೆ ಅರ್ಥವಾಯಿತು. ನಾಲ್ಕನೆಯ ತರಗತಿಯ ಆ ಟಿಸಿಯನ್ನೂ ಆಧಾರನ್ನೂ ಇಟ್ಟು ಜನನ ನೋಂದಣಿಯ ತಿದ್ದುಪಡಿಗೆ ಅರ್ಜಿ ಕೊಟ್ಟೆವು. 2022ರ ಏಪ್ರಿಲ್‌ನಲ್ಲಿ ಆರಂಭಿಸಿದ ಕೆಲಸ ಮುಗಿಯುವಾಗ ಅಕ್ಟೋಬರ್ ಆಗಿತ್ತು. ಅಷ್ಟರಲ್ಲಿ ಮಗನಿಗೆ 14 ತುಂಬಿತ್ತು, ಮುಂದಿನ ವರ್ಷದ ಅಕ್ಟೋಬರ್ ಪರೀಕ್ಷೆಗೆ ನೋಂದಣಿಯೂ ತೆರೆದಿತ್ತು. ಆದುದರಿಂದ ನಷ್ಟವೇನೂ ಆಗಲಿಲ್ಲ.

ಕೇರಳದ ವಿಳಾಸವಿರುವವರಿಗೆ ಪ್ರಾದೇಶಿಕ ಕೇಂದ್ರ ಕೊಚ್ಚಿಯಲ್ಲಿದೆ. ಕಾಸರಗೋಡಿನಿಂದ ಕೊಚ್ಚಿಗೆ ರೈಲಿನಲ್ಲಿ 350 ಕಿಲೋಮೀಟರಿಗೂ ಹೆಚ್ಚು. ಮಂಗಳೂರು ಕೇವಲ 50. ಮಂಗಳೂರಿನ ನೆಂಟರ ವಿಳಾಸ ಕೊಟ್ಟು ಬೆಂಗಳೂರಿನ ಪ್ರಾದೇಶಿಕ ಕೇಂದ್ರದ ಅಡಿಯಲ್ಲಿ ಸೇರಿಕೊಳ್ಳಿ ಎಂಬ ಸಲಹೆಯೂ ಬಂತು. ನಾವಿರುವ ಊರನ್ನು ಮರೆಮಾಚಿ ಮಗನ ಮೊದಲ ಪ್ರಮಾಣಪತ್ರ ಪಡೆಯುವುದು ಬೇಡವೆನಿಸಿತು. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ ಮತ್ತು ತಂತ್ರಜ್ಞಾನ, ಸಮಾಜ ವಿಜ್ಞಾನ ಎಂಬ ಐದು ವಿಷಯಗಳನ್ನು ಆರಿಸಿ, ಮುಂದೆ ವಿಜ್ಞಾನ ಓದುವ ಮನಸ್ಸು ಅವನಿಗಿದ್ದುದರಿಂದ ಉಳಿದ ವಿಷಯಗಳಿಗೆ ಇಂಗ್ಲಿಷ್ ಮಾಧ್ಯಮವನ್ನು ಹಾಕಿದೆವು. ಅಧ್ಯಯನ ಕೇಂದ್ರವಾಗಿ ಸಿಕ್ಕಿದ್ದು ಚಂದ್ರಗಿರಿ ಹೊಳೆಯ ಆಚೆಗಿನ ಒಂದು ಸಂಸ್ಥೆ.

ಎನ್‌ಐಒಎಸ್‌ನಲ್ಲಿ ಟಿಎಂಎ ಎಂಬುದೊಂದಿದೆ. ಪ್ರತಿ ವಿಷಯಕ್ಕೂ ಮನೆಯಲ್ಲಿಯೇ ಕೂತು ಕೈಬರಹದಲ್ಲಿ ಉತ್ತರ ಬರೆದು ಒಪ್ಪಿಸಬೇಕಾದ ನಿಯೋಜಿತ ಕಾರ್ಯ. ಅದರ ಅಂಕಕ್ಕೆ ಶೇಕಡ 20ರ ತೂಕ. ನಮ್ಮ ಗಡುವು ಜುಲೈ ಕೊನೆಗೆ ಇತ್ತು. ಆಟಿ ತಿಂಗಳ ಮಳೆಯಲ್ಲಿ ಕರೆಂಟು ದಿನಗಟ್ಟಲೆ ಇರಲಿಲ್ಲ. ಮಗ ಚಾವಡಿಯ ಕಿಟಿಕಿಯ ಬಳಿ ಮಣೆ ಹಾಕಿಕೊಂಡು ಕೂತು ಗೆರೆಯ ಹಾಳೆಗಳಲ್ಲಿ ಬರೆಯುತ್ತಿದ್ದ, ಥಂಡಿಗೆ ಮೆತ್ತಗಾದ ಹಾಳೆಯಲ್ಲಿ ಶಾಯಿ ಹರಡಿದರೆ ಹರಿದು ಮತ್ತೆ ಬರೆಯುತ್ತಿದ್ದ. ಕನ್ನಡದ ಉತ್ತರಗಳನ್ನು ಒಪ್ಪಿಸಲು ಹೋದಾಗ ಕೇಂದ್ರದಲ್ಲಿದ್ದವರು, ಕನ್ನಡ ತಿದ್ದುವವರು ತಮ್ಮಲ್ಲಿ ಇಲ್ಲ, ಮಲೆಯಾಳವನ್ನೋ ಹಿಂದಿಯನ್ನೋ ತೆಗೆದುಕೊಳ್ಳಬಹುದಿತ್ತು ಎಂದರು. ಅವರ ಮಾತಿನಲ್ಲಿ ದ್ವೇಷವಿರಲಿಲ್ಲ, ನಿಜವಾಗಿಯೂ ಅವರಲ್ಲಿ ಯಾರೂ ಇರಲಿಲ್ಲ. ಆದರೆ ಕಾಸರಗೋಡು ಜಿಲ್ಲೆಯೊಳಗೆ ಕನ್ನಡದ ಒಂದು ಉತ್ತರ ಪತ್ರಿಕೆ ಓದುವವರಿಲ್ಲ ಎಂಬ ಮಾತನ್ನು ನಿಂತು ಕೇಳಿಸಿಕೊಳ್ಳುವಾಗ ನನ್ನ ಗಂಟಲು ಕಟ್ಟಿತು. ಮಗ ನನ್ನ ಸೆರಗು ಹಿಡಿದು ಮೆಲ್ಲಗೆ, “ಅಮ್ಮಾ, ಅಜ್ಜನ ಗುರುತಿನ ಮಾಷ್ಟ್ರನ್ನು ಕೇಳುವನಾ?” ಎಂದ. ನಿವೃತ್ತರಾದ ಆ ಕನ್ನಡ ಅಧ್ಯಾಪಕರ ಫೋನ್ ನಂಬರನ್ನು ಕೇಂದ್ರದ ಸಂಯೋಜಕರಿಗೆ ಕೊಟ್ಟೆವು. ಅವರು ಮಾತನಾಡಿ, ತಮ್ಮ ಕ್ರಮದಂತೆ ವ್ಯವಸ್ಥೆ ಮಾಡಿಕೊಂಡರು. ಮರುವಾರ ಮಾಷ್ಟ್ರು ಬಸ್ಸು ಹತ್ತಿ ಹೊಳೆ ದಾಟಿ ಹೋಗಿ ಉತ್ತರಗಳನ್ನು ತಿದ್ದಿ ಬಂದರು, ಬಸ್ಸಿನ ದುಡ್ಡನ್ನೂ ನಮ್ಮಿಂದ ತೆಗೆದುಕೊಳ್ಳಲಿಲ್ಲ. ಅಂಕ ಎಷ್ಟೆಂದು ಹೇಳಲಿಲ್ಲ. ‘ಳ’ ಮತ್ತು ‘ಲ’ದ ಬಗ್ಗೆ ಹುಡುಗ ಇನ್ನೂ ಜಾಗ್ರತೆ ಮಾಡಬೇಕು ಎಂದಷ್ಟೇ ಹೇಳಿದರು.

ಪರೀಕ್ಷಾ ಶುಲ್ಕವನ್ನು ನೋಂದಣಿ ಶುಲ್ಕದ ಹೊರತಾಗಿ, ಪ್ರತ್ಯೇಕ ಗಡುವಿನೊಳಗೆ ಕಟ್ಟಬೇಕು ಎಂಬುದು ನೆನಪಿತ್ತು, ಕಟ್ಟಿದೆವು. ನಾನು ತಪ್ಪಿದ್ದು ಅದರ ಮುಂದಿನ ಹೆಜ್ಜೆಯಲ್ಲಿ. ವಿಜ್ಞಾನಕ್ಕೆ ಲಿಖಿತ ಪರೀಕ್ಷೆಯೂ ಪ್ರಾಯೋಗಿಕ ಪರೀಕ್ಷೆಯೂ ಬೇರೆ ಬೇರೆಯಾಗಿದ್ದು ಎರಡರಲ್ಲಿಯೂ ಪ್ರತ್ಯೇಕವಾಗಿ ತೇರ್ಗಡೆಯಾಗಬೇಕು. ಪ್ರಾಯೋಗಿಕ ಪರೀಕ್ಷೆ ಲಿಖಿತಕ್ಕಿಂತ ಮೊದಲೇ ನಡೆಯುತ್ತದೆ, ಅದರ ಹಾಲ್ ಟಿಕೆಟ್ ಕೂಡ ಬೇರೆಯೇ. ನಾನು ಒಂದೇ ಹಾಲ್ ಟಿಕೆಟ್ ಬರುವುದೆಂದು ತಿಳಿದು, ಅದು ಬರಲಿ ಎಂದು ಕಾಯುತ್ತಾ ಕುಳಿತೆ. ಲಿಖಿತ ಪರೀಕ್ಷೆಯ ಹಾಲ್ ಟಿಕೆಟ್ ತೆಗೆಯಲು ಅಕ್ಷಯ ಕೇಂದ್ರಕ್ಕೆ ಹೋದ ದಿನ, ಆ ಹುಡುಗಿ ಪರದೆಯ ಮೇಲೆ ಇನ್ನೊಂದು ಸಾಲನ್ನು ತೋರಿಸಿ, “ಪ್ರಾಕ್ಟಿಕಲ್ ಚೆನ್ನಾಗಿ ಆಯ್ತಾ?” ಎಂದು ಕೇಳಿದಳು. ನಮ್ಮ ಬ್ಯಾಚಿನ ದಿನ ಆರು ದಿನಗಳ ಹಿಂದೆಯೇ ಕಳೆದುಹೋಗಿತ್ತು. ಅಧ್ಯಯನ ಕೇಂದ್ರಕ್ಕೆ ಫೋನ್ ಮಾಡಿದೆ. ಅಂಕ ಕಳುಹಿಸಿ ಆಗಿದೆ, ಇನ್ನು ಏಪ್ರಿಲ್‌ನಲ್ಲಿಯೇ ಎಂದರು. ಇದರಲ್ಲಿ ಬೇರೆಯವರನ್ನು ದೂರುವ ಜಾಗವೇ ಇಲ್ಲ. ದಿನಾಂಕ ನೋಡುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೆ. ಮನೆಗೆ ಬಂದು ಮಗನಲ್ಲಿ ಹೇಳುವಾಗ ನನಗೆ ಅಳು ತಡೆಯಲಾಗಲಿಲ್ಲ. ಅವನು ಒಳಗೆ ಹೋಗಿ ವಿಜ್ಞಾನದ ಪುಸ್ತಕ ತಂದು, “ಬರೆಯುವುದನ್ನು ಬರೆಯುತ್ತೇನೆ ಅಮ್ಮಾ, ಮಾಡುವುದನ್ನು ಆಮೇಲೆ ಮಾಡುತ್ತೇನೆ” ಎಂದ.

ಲಿಖಿತ ಪರೀಕ್ಷೆಗಳು ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ದಿನ ಬಿಟ್ಟು ದಿನ, ವಾರ ಬಿಟ್ಟು ವಾರ ನಡೆದವು. ಪ್ರತಿ ಸಲವೂ ಬೆಳಗ್ಗೆ ಬೇಗ ಉಂಡು ಎರಡು ಬಸ್ಸು ಬದಲಾಯಿಸಿ ಹೋದೆವು. ಪರೀಕ್ಷಾ ಕೇಂದ್ರದ ಹೊರಗೆ ಗೋಳಿಮರದ ಕಟ್ಟೆಯಲ್ಲಿ ನನ್ನ ಹಾಗೆ ಕಾಯುತ್ತಿದ್ದವರನ್ನು ನೋಡುತ್ತಾ ಕೂತಿರುವಾಗ ಈ ಸಂಸ್ಥೆ ಯಾರಿಗಾಗಿ ಇದೆ ಎಂಬುದು ನನಗೆ ಸರಿಯಾಗಿ ತಿಳಿಯಿತು: ಕೈಗೂಸನ್ನು ತಾಯಿಯ ಕೈಯಲ್ಲಿ ಕೊಟ್ಟು ಒಳಗೆ ಹೋದ ಯುವತಿ, ಗಲ್ಫಿನಿಂದ ರಜೆಗೆ ಬಂದು ಬರೆಯುತ್ತಿದ್ದ ಮೂವತ್ತು ದಾಟಿದ ಗಂಡಸು, ಗಾಲಿಕುರ್ಚಿಯಲ್ಲಿ ಬಂದ ಹುಡುಗ. ಕನ್ನಡ ಪರೀಕ್ಷೆಯ ದಿನ ಮಗ ಹೊರಗೆ ಬಂದು ಹೇಳಿದ್ದನ್ನು ನಾನು ಮರೆಯಲಾರೆ. ಆ ಕೋಣೆಯಲ್ಲಿ ಎಲ್ಲರೂ ಬೇರೆ ಬೇರೆ ವಿಷಯ ಬರೆಯುವವರಾಗಿದ್ದು, ಕನ್ನಡಕ್ಕೆ ಇವನೊಬ್ಬನೇ ಇದ್ದನಂತೆ. ಮೇಲ್ವಿಚಾರಕರು ಒಂದು ತೆಳುವಾದ ಲಕೋಟೆಯನ್ನು ಇವನ ಎದುರಿಗೇ ಕತ್ತರಿಸಿ, ಒಳಗಿದ್ದ ಒಂದೇ ಒಂದು ಪ್ರಶ್ನೆಪತ್ರಿಕೆಯನ್ನು ತೆಗೆದು, ಅಕ್ಷರಗಳನ್ನು ಒಂದು ಕ್ಷಣ ನೋಡಿ, “ಇದು ನಿನ್ನದೇ ತಾನೇ?” ಎಂದು ಮಲೆಯಾಳದಲ್ಲಿ ಕೇಳಿ ಕೊಟ್ಟರಂತೆ. ಹೌದು ನನ್ನದೇ ಎಂದೆ, ಎಂದ ಮಗ.

ಜನವರಿಯ ಹೊತ್ತಿಗೆ ನಾಲ್ಕು ವಿಷಯಗಳಲ್ಲಿ ತೇರ್ಗಡೆಯಾಗಿತ್ತು. ವಿಜ್ಞಾನದ ಲಿಖಿತದಲ್ಲಿಯೂ ಒಳ್ಳೆಯ ಅಂಕ ಬಂದಿತ್ತು. ಪ್ರಾಯೋಗಿಕವೊಂದೇ ಬಾಕಿ. 2024ರ ವಸಂತದಲ್ಲಿ ಅದರ ಹಾಲ್ ಟಿಕೆಟ್ ಬಂದಿದೆಯೇ ಎಂದು ನಾನು ದಿನಕ್ಕೆ ಎರಡು ಸಲ ನೋಡುತ್ತಿದ್ದೆ. ಮಗ ಹೋಗಿ ಮಾಡಿ ಬಂದ. ಮೌಖಿಕದಲ್ಲಿ ಪರೀಕ್ಷಕರು ಮೈಲುತುತ್ತಿನ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕಿದರೆ ಏನಾಗುತ್ತದೆ ಎಂದು ಕೇಳಿದರಂತೆ. ಇವನು ಮೊಳೆಯ ವಿಷಯ ಹೇಳಿ, ಕತ್ತಿಯ ವಿಷಯವನ್ನೂ, ಸುಣ್ಣದ ವಿಷಯವನ್ನೂ ಹೇಳಿದ್ದಾನೆ. ಅವರ ಮನೆಯಲ್ಲಿಯೂ ತೋಟವಿತ್ತೆಂದು ಕಾಣುತ್ತದೆ. ಈ ವರ್ಷ ಮದ್ದು ಬಿಟ್ಟಾಯಿತೇ ಎಂದು ವಿಚಾರಿಸಿದರಂತೆ.

ಫಲಿತಾಂಶ ಬಂದದ್ದು ಜೂನ್‌ನಲ್ಲಿ. ನನ್ನ ಒಂದು ಅಜಾಗರೂಕತೆಯ ಬೆಲೆ ಆಗ ತಿಳಿಯಿತು. ಕೇರಳದಲ್ಲಿ ಪ್ಲಸ್ ವನ್ ಪ್ರವೇಶ ಏಕಜಾಲಕದ ಮೂಲಕ, ಅಂದರೆ ಹಲವು ಶಾಲೆಗಳಿಗೆ ಒಂದೇ ಅರ್ಜಿ ಹಾಕುವ ಕ್ರಮದಲ್ಲಿ, ಆಗುವಂಥದು. ಅರ್ಜಿ ಮೇ ತಿಂಗಳಲ್ಲಿಯೇ ತೆಗೆದುಕೊಂಡಿದ್ದರು, ಸೀಟುಗಳ ಮುಖ್ಯ ಹಂಚಿಕೆಗಳು ಮುಗಿಯುತ್ತಾ ಬಂದಿದ್ದವು. ಐದೂ ವಿಷಯ ಅಕ್ಟೋಬರ್‌ನಲ್ಲಿಯೇ ಮುಗಿದಿದ್ದರೆ ಮೇಯಲ್ಲಿ ಎಲ್ಲರ ಜೊತೆಗೆ ಅರ್ಜಿ ಹಾಕಬಹುದಿತ್ತು. ಮುಕ್ತ ಶಾಲೆಯ ಮೂಲಕ ಬರೆಸುವವರಿಗೆ ನಾನು ಒತ್ತಿ ಹೇಳುವ ಮಾತಿದು: ಏಪ್ರಿಲ್ ಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ ಇಲ್ಲಿ ಪ್ಲಸ್ ವನ್ ತರಗತಿಗಳೂ ಕರ್ನಾಟಕದಲ್ಲಿ ಪಿಯು ತರಗತಿಗಳೂ ಆರಂಭವಾಗಿರುತ್ತವೆ. ಆದುದರಿಂದ ಮೊದಲ ಪ್ರಯತ್ನವನ್ನು ಅದರ ಹಿಂದಿನ ಅಕ್ಟೋಬರ್‌ನಲ್ಲಿ ಮಾಡಿಸುವುದು ಒಳ್ಳೆಯದು. ಉಳಿದುಹೋದ ವಿಷಯವಿದ್ದರೆ ಮಾತ್ರ ಏಪ್ರಿಲ್ ಇರಲಿ. ಮಂಗಳೂರಿನ ಕಡೆಗೆ ಹೋಗುವುದಾದರೆ ಹೊರ ಮಂಡಳಿಯಲ್ಲಿ ಓದಿದವರಿಗೆ ಬೇಕಾಗುವ ಅರ್ಹತಾ ಪತ್ರದ ಓಡಾಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಪ್ಲಿಮೆಂಟರಿ ಹಂಚಿಕೆಯಲ್ಲಿ ಅರ್ಜಿ ಹಾಕಿದೆವು. ಮನೆಗೆ ಹತ್ತಿರದ ಶಾಲೆಯಲ್ಲಿ ವಿಜ್ಞಾನದ ಸೀಟು ತುಂಬಿಹೋಗಿತ್ತು. ದೂರದ, ಆದರೆ ಕನ್ನಡ ಎರಡನೆಯ ಭಾಷೆಯಾಗಿರುವ ಒಂದು ಸರಕಾರಿ ಶಾಲೆಯಲ್ಲಿ ಸಿಕ್ಕಿತು. ಪ್ರವೇಶದ ದಿನ ಕಚೇರಿಯಲ್ಲಿ ಗುಮಾಸ್ತರು ಟಿಸಿ ಎಲ್ಲಿ ಎಂದು ಕೇಳಿದರು. ಶಾಲೆಯೇ ಇಲ್ಲದ ಹುಡುಗನ ಟಿಸಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ಆರು ವರ್ಷಗಳ ಹಿಂದೆಯೇ ಎಲ್ಲರೂ ನಮ್ಮಲ್ಲಿ ಕೇಳಿದ್ದರು. ಎನ್‌ಐಒಎಸ್ ಅಂಕಪಟ್ಟಿಯ ಜೊತೆಗೆ ಮೈಗ್ರೇಷನ್ ಮತ್ತು ವರ್ಗಾವಣೆ ಎರಡೂ ಸೇರಿದ ಒಂದು ಪ್ರಮಾಣಪತ್ರವನ್ನು ಕೊಡುತ್ತದೆ, ಅದನ್ನು ಮುಂದಿಟ್ಟೆ. ನಡತೆಯ ಪತ್ರವನ್ನು ಅಧ್ಯಯನ ಕೇಂದ್ರದ ಸಂಯೋಜಕರು ಬರೆದುಕೊಟ್ಟಿದ್ದರು. ಗುಮಾಸ್ತರು ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿ, ಒಳಗೆ ಹೋಗಿ ಪ್ರಾಂಶುಪಾಲರಲ್ಲಿ ಕೇಳಿಕೊಂಡು ಬಂದು, ಹೆಸರನ್ನು ಜನನ ಪತ್ರ, ಆಧಾರ್, ಅಂಕಪಟ್ಟಿ ಮೂರರಲ್ಲಿಯೂ ಬೆರಳಿಟ್ಟು ತಾಳೆ ನೋಡಿದರು. ಮೂರರಲ್ಲಿಯೂ ‘ವತ್ಸ’ ಎಂದೇ ಇತ್ತು. ಅವರು ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದನ್ನು ಮಾವನವರು ಬಾಗಿಲ ಬಳಿ ನಿಂತು ನೋಡುತ್ತಿದ್ದರು.

ಮಗ ಈಗ ಮುಂದಿನ ಓದಿನಲ್ಲಿದ್ದಾನೆ. ಬೆಂಚಿನಲ್ಲಿ ಆರು ಗಂಟೆ ಕೂರುವುದು ಅವನಿಗೆ ಮೊದಲ ತಿಂಗಳು ಬಲು ಕಷ್ಟವಾಯಿತು, ಲ್ಯಾಬ್ ಮಾತ್ರ ಮೊದಲ ದಿನದಿಂದಲೇ ಹಿಡಿಸಿತು. ಮೊನ್ನೆ ನಮ್ಮ ತೋಟದ ಕೆಲಸಕ್ಕೆ ಬರುವವರ ಮಗಳು, ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು, ತಾಯಿಯನ್ನು ಕರೆದುಕೊಂಡು ಅಂಗಳಕ್ಕೆ ಬಂದು, “ಅಕ್ಕಾ, ನಾನೂ ಬರೀಬಹುದಾ?” ಎಂದು ಕೇಳಿದಳು. ಹುಡುಗಿಯರಿಗೆ ಶುಲ್ಕದಲ್ಲಿ ರಿಯಾಯಿತಿ ಇದೆ ಎಂದು ಹೇಳಿದೆ, ಗೋಡೆಯ ಕ್ಯಾಲೆಂಡರಿನಲ್ಲಿ ನೋಂದಣಿ, ಟಿಎಂಎ, ಪರೀಕ್ಷಾ ಶುಲ್ಕ, ಪ್ರಾಯೋಗಿಕ ಎಂದು ನಾಲ್ಕು ಕಡೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದೆ, ನಾಳೆ ಬರುವಾಗ ಜನನ ಪತ್ರವನ್ನೂ ಆಧಾರನ್ನೂ ಹಿಡಿದುಕೊಂಡು ಬಾ, ಮೊದಲು ಹೆಸರು ನೋಡೋಣ ಎಂದೆ.